ಶರಶಾಸ್ತ್ರಿಗಳು

ಇಂಗ್ಲೆಂಡಿನ ಉತ್ತರ ಪ್ರಾಂತದ ಯಾವುದಾದರೊಂದು ಊರಿಗೆ ಹೋಗಿ, ಬೀದಿಯ ಮೂಲೆಯ ಹಳೆಯ ಪಬ್ಬನ್ನು ಹೊಕ್ಕು, ಗೋಡೆಗೆ ತೂಗುಹಾಕಿದ ಡಾರ್ಟ್ಸ್ ಬೋರ್ಡಿನ ಸುತ್ತ ನೆರೆದವರನ್ನು ಸ್ವಲ್ಪ ಹೊತ್ತು ತಾಳ್ಮೆಯಿಂದ ಅವಲೋಕಿಸಿದರೆ, ಆಡುವವರು, ಅಂಕ ಬರೆಯುವವರು, ಹುರಿದುಂಬಿಸುವವರು, ಯಾರ ಗೊಡವೆಯೂ ಬೇಡವೆಂದು ಕುಡಿಯುವವರು ಎಂಬ ನಾಲ್ಕು ವರ್ಗಗಳಲ್ಲಿ ಯಾವುದಕ್ಕೂ ಸೇರದ ಒಬ್ಬ ಮಹನೀಯನು ಕಣ್ಣಿಗೆ ಬೀಳದೆ ಇರನು. ಆತನು ಆಡುವುದಿಲ್ಲ, ಆದರೆ ಆತನ ಅಂಗಿಯ ಜೇಬಿನಲ್ಲಿ ಬಾಣಗಳಿರುತ್ತವೆ. ಕುಡಿಯುವುದೂ ಅಷ್ಟಕ್ಕಷ್ಟೆ, ಒಂದೇ ಲೋಟವು ಆತನಿಗೆ ಸಂಜೆಯಿಡೀ ಬಾಳುತ್ತದೆ. ಯಾರಾದರೊಬ್ಬ ಹೊಸಬನು ಎರಡು ಸಲ ಗುರಿ ತಪ್ಪಿದನೆಂದರೆ ಸಾಕು, ಆತನು ಲೋಟವನ್ನು ಮೇಜಿನ ಮೇಲಿಟ್ಟು, ಗಂಟಲನ್ನು ಸರಿಪಡಿಸಿಕೊಂಡು, ಮೆಲ್ಲನೆ ಸಮೀಪಿಸಿ, ರೋಗಿಯ ಹೆಗಲ ಮೇಲೆ ಕೈಯಿಡುವ ಕುಲವೈದ್ಯನ ಕನಿಕರದಿಂದ, "ತಪ್ಪು ನಿನ್ನದಲ್ಲ, ಆ ಬಾಣದ್ದು" ಎನ್ನುವನು. ಈ ಅಭಯವಚನಕ್ಕೆ ಮರುಳಾಗದ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ.

ವೃತ್ತಿನಿಮಿತ್ತವಾಗಿ ನಾನು ಬಂದು ನೆಲೆಸಿದ ಲ್ಯಾಂಕಾಷೈರಿನ ಪುಟ್ಟ ಊರಿನಲ್ಲಿ ಈ ವರ್ಗದ ಒಂದು ಪರಿಪಕ್ವ ಮಾದರಿಯು ನನಗೆ ಲಭಿಸಿತು. ಅಥವಾ, ಹೆಚ್ಚು ಯಥಾರ್ಥವಾಗಿ ಹೇಳುವುದಾದರೆ, ಅದಕ್ಕೆ ನಾನು ಲಭಿಸಿದೆನು. ಅವರ ನಿಜನಾಮವನ್ನು ಹೇಳುವುದು ಉಚಿತವಲ್ಲ. ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಅವರನ್ನು ಶರಶಾಸ್ತ್ರಿಗಳೆಂದು ಕರೆಯುತ್ತೇವೆ. ಆ ಊರಿನ ಆಟಗಾರರೂ ಆಡುಮಾತಿನಲ್ಲಿ ಡಾರ್ಟುಗಳನ್ನು ಬಾಣಗಳೆಂದೇ ಕರೆಯುವುದರಿಂದ ಈ ಬಿರುದಿನಲ್ಲಿ ಅನ್ಯಾಯವೇನೂ ಇಲ್ಲ. ಯಂತ್ರಗಳ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮಿಲಿಮೀಟರಿನ ದಶಾಂಶವನ್ನು ಬೆರಳ ತುದಿಯಿಂದಲೇ ಗ್ರಹಿಸಬಲ್ಲವರು. ಕೋಲು ಮುಖ, ನೀಲಿ ಕಣ್ಣು, ಬೇಸಗೆಯಲ್ಲೂ ಬಿಡದ ಉಣ್ಣೆಯ ಟೋಪಿ. ನಾನು ಆಸ್ಪತ್ರೆಯಲ್ಲಿ ಅರಿವಳಿಕೆಯ ವೈದ್ಯ. ಮನುಷ್ಯರನ್ನು ನಿದ್ರೆಗೊಳಿಸುವ ಕಲೆಯನ್ನು ವಿಧ್ಯುಕ್ತವಾಗಿ ಅಭ್ಯಾಸ ಮಾಡಿದವನಾದರೂ, ಸೂಜಿಯನ್ನೂ ಔಷಧಿಯನ್ನೂ ಬಳಸದೆ ಅದನ್ನು ಸಾಧಿಸಬಹುದೆಂದು ನನಗೆ ತಿಳಿದದ್ದು ಶಾಸ್ತ್ರಿಗಳು ಟಂಗ್‌ಸ್ಟನ್ನಿನ ವಿಷಯವನ್ನು ಎತ್ತಿಕೊಂಡ ಮೊದಲನೆಯ ಸಂಜೆ.

ಈ ಆಟವನ್ನು ಕಾಣದವರಿಗಾಗಿ ಎರಡು ಮಾತು. ಕತ್ತಾಳೆಯ ಜಾತಿಯ ನಾರನ್ನು ಒತ್ತಿ ಮಾಡಿದ ದುಂಡನೆಯ ಬೋರ್ಡು. ಅದರ ನಡುಗಣ್ಣು ನೆಲದಿಂದ 5 ಅಡಿ 8 ಅಂಗುಲ ಎತ್ತರದಲ್ಲಿರತಕ್ಕದ್ದು. ಎಸೆಯುವವನು ನಿಲ್ಲುವ ಗೆರೆಯು, ಅಲ್ಲಿನವರು ಆಕಿ ಎನ್ನುವುದು, ಬೋರ್ಡಿನ ಮುಖದಿಂದ 7 ಅಡಿ 9¼ ಅಂಗುಲ ದೂರದಲ್ಲಿರತಕ್ಕದ್ದು. 501ರಿಂದ ಆರಂಭಿಸಿ, ಒಂದು ಸರದಿಗೆ ಮೂರು ಬಾಣಗಳಂತೆ ಎಸೆದು, ಗಳಿಸಿದ್ದನ್ನು ಕಳೆಯುತ್ತ ಕಳೆಯುತ್ತ ಸೊನ್ನೆಯನ್ನು ತಲುಪಬೇಕು. ಕೊನೆಯ ಬಾಣವು ಅಂಚಿನ ಡಬಲ್ ಎಂಬ ಇಕ್ಕಟ್ಟಾದ ಪಟ್ಟಿಯಲ್ಲೇ ನಾಟಬೇಕು. ಅಂಕಗಳನ್ನು ಜೋಡಿಸಿರುವ ಕ್ರಮದಲ್ಲಿ ಒಂದು ವಿಶೇಷ ಕ್ರೌರ್ಯವುಂಟು. ಎಲ್ಲರೂ ಆಶಿಸುವ 20ರ ಇಕ್ಕೆಲದಲ್ಲಿ 5 ಮತ್ತು 1 ಕುಳಿತಿವೆ. ಕೂದಲೆಳೆಯಷ್ಟು ತಪ್ಪಿದವನಿಗೆ ಅಂಗಡಿಯಲ್ಲಿ ಚಿಲ್ಲರೆ ಕೊಟ್ಟಂತೆ ಐದೋ ಒಂದೋ ಸಿಕ್ಕುತ್ತದೆ. 1896ರಲ್ಲಿ ಬೆರಿ ಎಂಬ ಲ್ಯಾಂಕಾಷೈರ್ ಊರಿನ ಬ್ರಯನ್ ಗ್ಯಾಮ್ಲಿನ್ ಎಂಬ ಬಡಗಿಯು ಈ ಕ್ರಮವನ್ನು ಕಲ್ಪಿಸಿದನೆಂದು ಪ್ರತೀತಿ. ಚರಿತ್ರಕಾರರು ಇದನ್ನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಪಬ್ಬಿನವರು ಚರಿತ್ರಕಾರರನ್ನು ಒಪ್ಪುವುದಿಲ್ಲ. ಒಂದು ಇಪ್ಪತ್ತು, ಒಂದು ಐದು, ಒಂದು ಒಂದು, ಒಟ್ಟು 26: ಇದು ಅಲ್ಪಪ್ರತಿಭರ ನಿತ್ಯದ ಸಂಪಾದನೆ, ಮತ್ತು ನನ್ನ ಮಟ್ಟಿಗೆ ಹಬ್ಬದ ದಿನದ ಸಂಪಾದನೆ. ದಿನಬೆಳಗಾದರೆ ಮುದುಕರ ಹಾಗೂ ಹಸುಳೆಗಳ ನವುರಾದ ರಕ್ತನಾಳಗಳನ್ನು ಸೂಜಿಯ ಮೊನೆಯಿಂದ ಕಂಡುಹಿಡಿಯುವ ನನ್ನ ಕೈ, ಸಂಜೆಯಾದರೆ, ತೂಗುಹಾಕಿದ ಅಷ್ಟು ದೊಡ್ಡ ಬೋರ್ಡನ್ನೇ ಕೆಲವೊಮ್ಮೆ ಕಾಣದೆ ಗೋಡೆಗೆ ಚುಚ್ಚುಮದ್ದು ಕೊಡುತ್ತಿತ್ತು.

ಶಾಸ್ತ್ರಿಗಳ ದೃಷ್ಟಿ ನನ್ನ ಮೇಲೆ ಬಿದ್ದದ್ದು ಅಂತಹ ಒಂದು ಚುಚ್ಚುಮದ್ದಿನ ಅನಂತರ. ನಾನಾಗ ಎಸೆಯುತ್ತಿದ್ದುದು ಪಬ್ಬಿನವನು ಬಂದವರೆಲ್ಲರಿಗಾಗಿ ಹೂಜಿಯೊಂದರಲ್ಲಿ ಇಟ್ಟಿರುವ ಹಿತ್ತಾಳೆಯ ಬಾಣಗಳನ್ನು; ಒಂದಕ್ಕೆ ಕೆಂಪು ರೆಕ್ಕೆ, ಒಂದಕ್ಕೆ ಹಸುರು, ಮತ್ತೊಂದಕ್ಕೆ ಅರ್ಧ ಹರಿದದ್ದು. ಶಾಸ್ತ್ರಿಗಳು ಅವುಗಳಲ್ಲೊಂದನ್ನು ಎರಡು ಬೆರಳಿನಿಂದೆತ್ತಿ ದೀಪದ ಬೆಳಕಿಗೆ ಹಿಡಿದರು. "ಡಾಕ್, ನಿಮ್ಮ ಆಸ್ಪತ್ರೆಯಲ್ಲಿ ಎಲ್ಲ ರೋಗಿಗಳಿಗೂ ಒಂದೇ ಸೂಜಿಯನ್ನೇ ಚುಚ್ಚುತ್ತೀರೇನು?" ಎಂದು ಕೇಳಿದರು. ಇಲ್ಲವೆಂದೆನು. ಅಲ್ಲಿಂದಾಚೆಗೆ ಒಂದು ಗಂಟೆಯ ಕಾಲ ನನಗೆ ಮಾತನಾಡುವ ಸಂದರ್ಭವೇ ಒದಗಲಿಲ್ಲ.

ಅವರ ಶಾಸ್ತ್ರದಲ್ಲಿ ಹುರುಳಿಲ್ಲವೆಂದು ಹೇಳಿದರೆ ನಾನು ಅನೃತವಾದಿಯಾಗುವೆನು. ಹಿತ್ತಾಳೆಗಿಂತ ಟಂಗ್‌ಸ್ಟನ್ನು ಸುಮಾರು ಇಮ್ಮಡಿ ಸಾಂದ್ರವಾದ ಲೋಹ. ಆದಕಾರಣ ಅದೇ ತೂಕದ ಬಾಣವನ್ನು ಅದರಿಂದ ಬಹಳ ತೆಳುವಾಗಿ ಮಾಡಬಹುದು. ಟ್ರೆಬಲ್ ಎಂಬ, ಅಂಕವನ್ನು ಮೂರು ಪಟ್ಟು ಮಾಡುವ ಪಟ್ಟಿಯ ಅಗಲವೋ ಕೇವಲ 8 ಮಿಲಿಮೀಟರು. ಅಲ್ಲಿ ಮೊದಲು ನಾಟಿದ ದಪ್ಪ ಹಿತ್ತಾಳೆಯ ಬಾಣವು ಹಿಂದೆ ಬರುವ ಎರಡಕ್ಕೂ ಎಡೆಗೊಡದೆ ಅಡ್ಡ ನಿಲ್ಲುತ್ತದೆ, ತೆಳುವಾದುದು ಸರಿದು ಜಾಗ ಕೊಡುತ್ತದೆ. ಶುದ್ಧ ಟಂಗ್‌ಸ್ಟನ್ನು ಬಿರುಸು, ಒಡೆಯುವಂಥದು. ಆದ್ದರಿಂದ ನಿಕಲ್ ಮೊದಲಾದವುಗಳನ್ನು ಬೆರೆಸುವರು. ನೂರಕ್ಕೆ 80 ಪಾಲಿನದು ಸಂಸಾರಸ್ಥರಿಗೆ, 90ರದು ಶ್ರದ್ಧಾವಂತರಿಗೆ, 95ನ್ನು ದಾಟಿದುದು ಹೆಂಡತಿಗೆ ಬೆಲೆ ಹೇಳದೆ ಇರಬಲ್ಲವರಿಗೆ. ತೂಕದ ವಿಷಯದಲ್ಲಿ ಅವರದು ಉದಾರ ನೀತಿ: ಬಹುಪಾಲು ಆಟಗಾರರು 20ರಿಂದ 26 ಗ್ರಾಮಿನೊಳಗೆ ಎಲ್ಲಿಯಾದರೂ ನೆಲೆಗೊಳ್ಳುವರು, ಹಗುರವಾದುದು ಕೈಯ ಅಲ್ಪದೋಷವನ್ನೂ ಬಯಲು ಮಾಡುತ್ತದೆ, ಭಾರವಾದುದು ನೆಟ್ಟಗೆ ಹೋಗುತ್ತದೆ, ಆದರೆ ಸೋಮಾರಿಯ ಕೈಯಲ್ಲಿ ಗುರಿಯ ಕೆಳಕ್ಕೆ ಕುಸಿಯುತ್ತದೆ. ಹದಿನಾರು ಸಲ ವಿಶ್ವವಿಜೇತನಾದ ಫಿಲ್ ಟೇಲರ್ 26 ಗ್ರಾಮಿನವನ್ನು ಎಸೆದನಲ್ಲ, ನಾನೂ ಅದನ್ನೇ ಕೊಳ್ಳಬಾರದೇಕೆ ಎಂದು ನಾನು ಕೇಳಿದಾಗ ಶಾಸ್ತ್ರಿಗಳು, "ಅವನ ಕೈಯನ್ನೂ ಅಂಗಡಿಯಲ್ಲಿ ಮಾರುತ್ತಾರೇನು?" ಎಂದರು. ಇಷ್ಟು ವಿವೇಕದ ಮಾತನ್ನು ಅವರು ಅದಕ್ಕೆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಲಿಲ್ಲ.

ಬ್ಯಾರಲ್ ಎಂಬ ಲೋಹದ ಒಡಲು ಆದ್ಯಂತ ಒಂದೇ ದಪ್ಪವಿರಬೇಕೋ, ಮುಂದೆ ಉಬ್ಬಿರಬೇಕೋ ಎಂಬುದು ಅವರ ಮತದಲ್ಲಿ ಆಟಗಾರನು ಎಲ್ಲಿ ಹಿಡಿಯುವನೆಂಬುದನ್ನು ಅವಲಂಬಿಸಿದೆ; ಬೆವರುವ ಕೈಗೆ ಒರಟು ಕೆತ್ತನೆ, ಒಣಗಿದ ಕೈಗೆ ನಯವಾದ ಉಂಗುರಗಳು. ಉಕ್ಕಿನ ಮೊನೆಯ ವಿಚಾರದಲ್ಲಿ ಮಾತ್ರ ಅವರಿಗೆ ರಾಜಿಯೇ ಇಲ್ಲ. ಹೊಸಬರು ಅದನ್ನು ಸೂಜಿಯಂತೆ ಮಸೆದು ಮೆರೆಯುವರು. ಹಾಗೆ ಮಸೆದ ಮೊನೆಯು ಬೋರ್ಡಿನ ತಂತಿಗೆ ತಾಗಿದೊಡನೆ ಕೊಕ್ಕೆಯಂತೆ ಬಾಗಿ, ಆಮೇಲೆ ಕೀಳುವಾಗಲೆಲ್ಲ ನಾರನ್ನು ಹರಿದುಕೊಂಡು ಬರುತ್ತದೆ. ಮೊನೆಯನ್ನು ಸಾಣೆಕಲ್ಲಿನಿಂದ ಸ್ವಲ್ಪವೇ ದುಂಡಾಗಿ, ಸ್ವಲ್ಪವೇ ಒರಟಾಗಿ ಇಟ್ಟುಕೊಂಡರೆ ಅದು ತಂತಿಯಿಂದ ಪಕ್ಕಕ್ಕೆ ಜಾರಿ ನಾರಿನಲ್ಲಿ ನಿಲ್ಲುತ್ತದೆ. ಬಿದ್ದ ಬಾಣಕ್ಕೆ ಅಂಕವಿಲ್ಲವಷ್ಟೆ. ಈ ಸಾಣೆಕಲ್ಲು ಸದಾ ಅವರ ಜೇಬಿನಲ್ಲಿರುತ್ತದೆ. ಯಾರ ಬಾಣವಾದರೂ ಮೇಜಿನ ಮೇಲೆ ಅನಾಥವಾಗಿ ಬಿದ್ದಿದ್ದರೆ, ಒಡೆಯನು ಹಿಂದಿರುಗುವುದರೊಳಗೆ ಅದು ಸಂಸ್ಕಾರ ಹೊಂದಿರುತ್ತದೆ.

ಇಷ್ಟರಲ್ಲೇ ನಿಂತಿದ್ದರೆ ಅವರನ್ನು ಗುರುಗಳೆಂದು ನಮಸ್ಕರಿಸಿ ಸುಮ್ಮನಿರುತ್ತಿದ್ದೆನು. ದ್ರೋಣಾಚಾರ್ಯರು ಮರದ ಮೇಲಿನ ಹಕ್ಕಿಯನ್ನು ತೋರಿಸಿ ಏನು ಕಾಣುತ್ತದೆಂದು ಕೇಳಿದಾಗ ಅರ್ಜುನನಿಗೆ ಹಕ್ಕಿಯ ಕಣ್ಣಲ್ಲದೆ ಬೇರೇನೂ ಕಾಣಲಿಲ್ಲವಂತೆ. ಶಾಸ್ತ್ರಿಗಳಿಗಾದರೋ ಹಕ್ಕಿ, ಮರ, ಗುರು, ಸಹಪಾಠಿಗಳು ಯಾವುದೂ ಕಾಣದೆ ಬಾಣವೊಂದೇ ಕಾಣುತ್ತಿತ್ತು. ಕರ್ಣನು ತೊಟ್ಟ ಬಾಣವನ್ನು ಮರಳಿ ತೊಡೆನೆಂದು ತಾಯಿಗೆ ಮಾತು ಕೊಟ್ಟನಲ್ಲವೆ, ಶಾಸ್ತ್ರಿಗಳ ಶಿಷ್ಯರಿಗೂ ಅದೇ ವ್ರತ. ಒಂದು ಸರದಿಯಲ್ಲಿ ಎಸೆದ ಬಾಣವು ಮುಂದಿನ ಸರದಿಗೆ ಅದೇ ರೂಪದಲ್ಲಿ ಕೈಗೆ ಬರುತ್ತದೆಂಬ ಭರವಸೆಯೇ ಇರಲಿಲ್ಲ. ನಡುವೆ ಅದರ ಒಡಲಿಗೆ ರೆಕ್ಕೆಯನ್ನು ಜೋಡಿಸುವ ಶಾಫ್ಟು ಎಂಬ ಕಡ್ಡಿ ಬದಲಾಗಿರುವುದು, ಇಲ್ಲವೆ ಅದರ ರೆಕ್ಕೆ.

ರೆಕ್ಕೆ! ನನ್ನ ಸಂಕಟದ ಮೂಲವೇ ಅದು. ಇಂಗ್ಲಿಷಿನವರು ಫ್ಲೈಟ್ ಎನ್ನುವ ಈ ಪುಟ್ಟ ಪುಚ್ಛಕ್ಕೆ ಹಿಂದೆ ಹಕ್ಕಿಯ ಗರಿಯನ್ನು ಉಪಯೋಗಿಸುತ್ತಿದ್ದರು, ಈಗ ಪ್ಲಾಸ್ಟಿಕ್ಕು. ಅಗಲವಾದುದು ಗಾಳಿಯನ್ನು ಹೆಚ್ಚು ಹಿಡಿದು ಬಾಣವನ್ನು ಸ್ಥಿರಗೊಳಿಸಿ ನಿಧಾನವಾಗಿಸುವುದು. ಸಪುರವಾದುದು ವೇಗವಾಗಿ ಸಾಗಗೊಡುವುದು. ಇವೆರಡರ ನಡುವೆ ಗಾಳಿಪಟದ ಆಕಾರದ್ದು, ಪೇರ್ ಹಣ್ಣಿನ ಆಕಾರದ್ದು ಎಂದು ಹಲವು. ಅಗ್ಗದ ವಸ್ತು, ಕ್ಷಣದಲ್ಲಿ ಬದಲಾಯಿಸಬಹುದಾದ ವಸ್ತು. ಆದಕಾರಣವೇ ಇಂತಹ ಮನುಷ್ಯನ ಕೈಯಲ್ಲಿ ಅತ್ಯಂತ ಅಪಾಯಕಾರಿ. ಬ್ಯಾರಲನ್ನು ಕೊಳ್ಳಲು ಮ್ಯಾಂಚೆಸ್ಟರಿನ ಅಂಗಡಿಗೆ ಅವರೊಡನೆ ಹೋದ ಶನಿವಾರದ ಕಥೆಯನ್ನು ನಾನು ವಿಸ್ತರಿಸುವುದಿಲ್ಲ. ಮಗಳಿಗೆ ವರನನ್ನು ನೋಡಲು ಹೊರಟ ಸೋದರಮಾವನು ಹೇಗೋ ಹಾಗೆ ಅವರು ಒಂದೊಂದು ಬಾಣದ ಕುಲ, ನಡತೆ, ನಿಲುವುಗಳನ್ನೂ ವಿಚಾರಿಸಿ, ಬೆರಳ ಮೇಲೆ ಅಡ್ಡವಿಟ್ಟು ಸಮತೂಕವನ್ನು ಪರೀಕ್ಷಿಸಿ, ಜೇಬಿನಿಂದ ತಮ್ಮದೇ ಪುಟ್ಟ ತಕ್ಕಡಿಯನ್ನು ತೆಗೆದು, 23 ಗ್ರಾಮೆಂದು ಬರೆದಿದ್ದ ಮೂರರಲ್ಲಿ ಒಂದು ಗುಲಗಂಜಿಯಷ್ಟು ಹೆಚ್ಚೆಂದು ಅಂಗಡಿಯ ಹುಡುಗನಿಗೆ ತೋರಿಸಿ, ಆತನು ಒಳಗೆ ಹೋಗಿ ಮತ್ತೆ ಹೊರಗೆ ಬಾರದಂತೆ ಮಾಡಿದರು. ನಾವು ಆ ದಿನ ಕೊಂಡುಬಂದದ್ದು ರೆಕ್ಕೆಗಳನ್ನು ಮಾತ್ರ, ಎಲ್ಲ ಆಕಾರದವನ್ನೂ. ಬಾಣಗಳನ್ನು ಅವರೇ ತಮ್ಮ ಪೆಟ್ಟಿಗೆಯಿಂದ ಎರವಲು ಕೊಟ್ಟರು.

ಆ ಚಳಿಗಾಲದಲ್ಲಿ ನಮ್ಮ ಪಬ್ಬಿನ ತಂಡಕ್ಕೆ ಆಟಗಾರನೊಬ್ಬನು ಕಡಿಮೆಯಾಗಿ, ಲೀಗಿನ ಪಂದ್ಯವೊಂದರಲ್ಲಿ ನನ್ನನ್ನು ಆಡಿಸಬೇಕಾಯಿತು. ಎದುರಾಳಿಗಳು ಕಣಿವೆಯಾಚೆಯ ಊರಿನವರು, ಗಂಭೀರ ಮುಖದ ಜನ. ಪಂದ್ಯದ ನಡುವೆ ಎರಡೂ ತಂಡಗಳಿಗೆ ಮಾಂಸದ ಕಡುಬು, ಬೇಯಿಸಿದ ಬಟಾಣಿ. ಸಸ್ಯಾಹಾರಿಯಾದ ನನಗೆ ಬಟಾಣಿ. ದೈವಯೋಗವೋ ಎದುರಾಳಿಯ ದುರ್ದೈವವೋ, ನನ್ನ ಸರದಿಯ ಆಟದಲ್ಲಿ ನಾನು ಹಿಂದೆಂದೂ ಎಸೆಯದಂತೆ ಎಸೆದೆನು. ಬಾಣಗಳು ಗೋಡೆಯನ್ನು ಮರೆತವು. 501 ಕರಗುತ್ತ ಬಂದು ಹಲಗೆಯ ಮೇಲೆ 32 ಎಂಬ ಅಂಕ ಉಳಿಯಿತು. ಈ 32ರ ಮಹಿಮೆಯನ್ನು ಬಲ್ಲವರೇ ಬಲ್ಲರು: 16ರ ಡಬಲ್ಲಿಗೆ ಗುರಿಯಿಟ್ಟು ಒಳಕ್ಕೆ ತಪ್ಪಿದರೆ ಉಳಿಯುವುದು 16, ಆಗ 8ರ ಡಬಲ್ಲು, ಅದೂ ತಪ್ಪಿದರೆ 4ರದು, ಆಮೇಲೆ 2ರದು, ಕೊನೆಗೆ 1ರದು, ತಪ್ಪಿದವನನ್ನೂ ಅರ್ಧರ್ಧವಾಗಿ ಕೈಹಿಡಿದು ನಡೆಸುವ ಇಂತಹ ಕರುಣಾಮಯವಾದ ಸಂಖ್ಯೆ ಬೋರ್ಡಿನ ಮೇಲೆ ಮತ್ತೊಂದಿಲ್ಲ. ನನ್ನ ಮೂರು ಬಾಣಗಳೂ ಡಬಲ್ ಪಟ್ಟಿಯ ಹೊರಗಂಚಿನ ಪಕ್ಕದಲ್ಲೇ, ಒಂದರ ಮಗ್ಗುಲಲ್ಲೊಂದು, ನಾಟಿ ನಿಂತವು. ಅಂಕ ಸಿಗಲಿಲ್ಲ, ಆದರೆ ಕೈ ಸರಿಯಾಗಿತ್ತು, ಇನ್ನೊಂದು ನೂಲಿನಷ್ಟು ಒಳಗೆ ಹೋದರೆ ಸಾಕಾಗಿತ್ತು. ಎದುರಾಳಿಯು ತನ್ನ ಸರದಿಯನ್ನು ವ್ಯರ್ಥಮಾಡಿಕೊಂಡನು. ಸಭೆಯು ಮೌನವಾಯಿತು. ನಾನು ಗೆರೆಯತ್ತ ಹೆಜ್ಜೆಯಿಟ್ಟೆನು.

ಆಗ ನನ್ನ ಮುಂಗೈಯನ್ನು ಯಾರೋ ಹಿಡಿದರು. "ಡಾಕ್, ಒಂದು ನಿಮಿಷ. ಬಾಣದ ಬಾಲ ತೂಗುತ್ತಿದೆ, ನೋಡಿದೆ. ಈ ಅಗಲದ ರೆಕ್ಕೆ ನಿಮ್ಮನ್ನು ತಡೆಹಿಡಿಯುತ್ತಿದೆ" ಎಂದವರೇ, ಹೂಂ ಎನ್ನಲೂ ಉಹೂಂ ಎನ್ನಲೂ ಅವಕಾಶವಿಲ್ಲದಂತೆ, ಫಿಟ್ಟರಿನ ಆ ಚುರುಕು ಬೆರಳುಗಳಿಂದ ಮೂರು ಬಾಣಗಳ ರೆಕ್ಕೆಗಳನ್ನೂ ಕಿತ್ತು, ಸಪುರವಾದವನ್ನು ಸಿಕ್ಕಿಸಿ ನನ್ನ ಕೈಗಿತ್ತರು. ಕಣಿವೆಯಾಚೆಯವರು ಸಹ ಈ ಸಂಸ್ಕಾರವನ್ನು ಗೌರವದಿಂದ ಕಾದು ನೋಡಿದರು. ನಾನು ಎಸೆದೆನು. ಮೊದಲನೆಯದು ಹಿಂದೆಂದೂ ಕಾಣದ ವೇಗದಿಂದ ಹೋಗಿ ಸಂಖ್ಯೆಗಳನ್ನು ಬರೆದಿರುವ ಹೊರವಲಯದಲ್ಲಿ ನಾಟಿತು. ಎರಡನೆಯದು ತಂತಿಗೆ ಬಡಿದು ನನ್ನ ಬೂಟಿನ ಬಳಿಗೇ ಹಿಂದಿರುಗಿತು. ಮೂರನೆಯದು ಅಂಕ ಬರೆಯುವವನ ಹಲಗೆಯ ಚೌಕಟ್ಟಿಗೆ ಚುಚ್ಚಿಕೊಂಡಿತು. ಆತನು ಸೀಮೆಸುಣ್ಣವನ್ನು ಕೆಳಗಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದನು. ಎದುರಾಳಿಯು ಬಂದು ಒಂದೇ ಬಾಣದಲ್ಲಿ ಆಟವನ್ನು ಮುಗಿಸಿದನು. ಆ ರಾತ್ರಿ ಚಳಿಯಲ್ಲಿ ನಡೆದು ಬರುವಾಗ, ಕ್ಷಮೆಯನ್ನೋ ಸಮಾಧಾನವನ್ನೋ ನಿರೀಕ್ಷಿಸಿ ಸುಮ್ಮನಿದ್ದ ನನಗೆ ಶಾಸ್ತ್ರಿಗಳು ಹೇಳಿದ್ದಿಷ್ಟು: "ರೆಕ್ಕೆ ಸರಿಯಾಗಿಯೇ ಇತ್ತು. ಅದಕ್ಕೆ ಆ ಶಾಫ್ಟು ಗಿಡ್ಡವಾಯಿತು."

ಕೆಲವು ದಿನ ಅವರನ್ನು ಕಂಡರೆ ನಾನು ಬೀದಿಯ ಆಚೆಬದಿಗೆ ಹೋಗುತ್ತಿದ್ದೆನು. ಆಮೇಲೆ ಪ್ರತೀಕಾರದ ಬುದ್ಧಿಯಿಂದ ಈ ಆಟದ ಇತಿಹಾಸವನ್ನು ಓದಿಕೊಂಡು ವಾದಕ್ಕೆ ಸಿದ್ಧನಾದೆನು. ಕಳೆದ ಶತಮಾನದ ನಡುಭಾಗದಲ್ಲಿ ಜೋ ಹಿಚ್‌ಕಾಕ್ ಎಂಬ ಲಂಡನ್ನಿನ ಆಟಗಾರನೊಬ್ಬನು, ಎದುರಾಳಿಗೆ ಒಳ್ಳೆಯ ಬಾಣಗಳನ್ನು ಬಿಟ್ಟುಕೊಟ್ಟು, ತಾನು ಉದ್ದನೆಯ ಕಬ್ಬಿಣದ ಮೊಳೆಗಳನ್ನೆಸೆದು ಪ್ರದರ್ಶನ ಪಂದ್ಯಗಳನ್ನು ಆಡುತ್ತಿದ್ದನು. ಮೊಳೆ! ಅದಕ್ಕೆ ರೆಕ್ಕೆಯೇ ಇಲ್ಲ, ಟಂಗ್‌ಸ್ಟನ್ನಿನ ಕಣವೂ ಇಲ್ಲ, ಕೆತ್ತನೆಯ ಹಿಡಿತವಿಲ್ಲ. ಈ ಬ್ರಹ್ಮಾಸ್ತ್ರವನ್ನು ನಾನು ಶಾಸ್ತ್ರಿಗಳ ಮುಂದೆ ಪ್ರಯೋಗಿಸಿದಾಗ ಅವರು ವಿಚಲಿತರಾಗಲಿಲ್ಲ, ಒಂದು ಗುಟುಕು ಕುಡಿದು, "ಸಿಕ್ಕಿದ ಮೊಳೆಯನ್ನೆಲ್ಲ ಎಸೆಯುತ್ತಿದ್ದನೆಂದು ತಿಳಿದಿರೇನು? ಒಂದು ಚೀಲ ತಂದು ಅದರಲ್ಲಿ ಮೂರನ್ನು ಆರಿಸಿರುತ್ತಾನೆ" ಎಂದರು. ಇದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಇಷ್ಟೆಲ್ಲ ಬಲ್ಲವರು ತಾವೇಕೆ ಎಸೆಯುವುದಿಲ್ಲವೆಂಬ ಪ್ರಶ್ನೆ ಓದುಗರಿಗೆ ಆಗಲೇ ಎದ್ದಿರಬಹುದು. ನನಗೂ ಎದ್ದಿತ್ತು, ಪಬ್ಬಿನಲ್ಲಿ ಇತರರಿಗೆ ಅದು ಏಳುತ್ತಿರಲಿಲ್ಲವಾದುದರಿಂದ, ಕಾರಣವು ಅವರಿಗೆಲ್ಲ ಗೊತ್ತಿದೆಯೆಂದು ಊಹಿಸಿಕೊಂಡೆನು. ಗೊತ್ತಾದದ್ದು ಒಂದು ಸಂಜೆ, ಜನರಿಲ್ಲದ ಹೊತ್ತಿನಲ್ಲಿ, ಅವರು ನನ್ನನ್ನು ಸ್ನೇಹಿತನೆಂದಲ್ಲದೆ ವೈದ್ಯನೆಂದು ಕರೆದು ಕೂರಿಸಿಕೊಂಡಾಗ. ಯೌವನದಲ್ಲಿ ಅವರು ಜಿಲ್ಲೆಯ ತಂಡದ ಹೊಸ್ತಿಲಿನವರೆಗೆ ಹೋಗಿದ್ದ ಆಟಗಾರರು. ಆಗ ಅವರ ಬಳಿಯಿದ್ದುದು ತಂದೆಯ ಹಿತ್ತಾಳೆಯ ಬಾಣಗಳು, ಅವುಗಳ ತೂಕವೆಷ್ಟೆಂದು ಯಾರೂ ತೂಗಿ ನೋಡಿರಲಿಲ್ಲ. ಒಂದು ರಾತ್ರಿ, ಮಹತ್ವದ್ದೇನೂ ಅಲ್ಲದ ಆಟದಲ್ಲಿ, ಎಸೆಯಲು ಕೈಯೆತ್ತಿದವರಿಗೆ ಬೆರಳುಗಳು ಬಿಚ್ಚಲಿಲ್ಲ. ಬಾಣ ಕೈಯಲ್ಲೇ ಉಳಿಯಿತು. ಮತ್ತೆ ಎತ್ತಿದರು, ಮತ್ತೆ ಉಳಿಯಿತು. ಅಲ್ಲಿಯ ಜನ ಇದಕ್ಕೆ ಡಾರ್ಟೈಟಿಸ್ ಎಂದು ಒಂದು ತಮಾಷೆಯ ಹೆಸರನ್ನಿಟ್ಟಿದ್ದಾರೆ. ಬಂದವನಿಗೆ ಅದರಲ್ಲಿ ತಮಾಷೆಯೇನೂ ಇಲ್ಲ. ಐದು ಸಲ ವಿಶ್ವವಿಜೇತನಾದ ಎರಿಕ್ ಬ್ರಿಸ್ಟೋವನ್ನೇ 1980ರ ದಶಕದ ಉತ್ತರಾರ್ಧದಲ್ಲಿ ಇದು ಹಿಡಿಯಿತು. ದೂರದರ್ಶನದ ದೀಪಗಳ ಕೆಳಗೆ, ಲಕ್ಷಾಂತರ ಜನ ನೋಡುತ್ತಿರುವಾಗ, ಆತನು ತನ್ನ ಕೈಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಬಾಣವನ್ನು ಬಿಡಲಾರದೆ ನಿಂತುದುಂಟು. ಬರಹಗಾರರ ಬೆರಳು ಸೆಡೆತುಕೊಳ್ಳುವುದು, ವಾದ್ಯಗಾರರ ಕೈ ಇದ್ದಕ್ಕಿದ್ದಂತೆ ಮುಷ್ಕರ ಹೂಡುವುದು, ಇವೆಲ್ಲ ಇದರ ದಾಯಾದಿಗಳು. ವಿವರಿಸಲು ನಾವು ವೈದ್ಯರು ಸಮರ್ಥರು.

ಶಾಸ್ತ್ರಿಗಳು ಮೊದಲು ಬಾಣವನ್ನು ಶಂಕಿಸಿದರು. ತೂಕ ಬದಲಾಯಿಸಿದರು, ಲೋಹ ಬದಲಾಯಿಸಿದರು, ಹಿಡಿತ, ಶಾಫ್ಟು, ರೆಕ್ಕೆ ಎಲ್ಲವನ್ನೂ ಬದಲಾಯಿಸಿದರು. ಬೆರಳಿಗೆ ಒಪ್ಪುವ ಬಾಣವೊಂದು ಎಲ್ಲಿಯೋ ಇದ್ದೇ ಇದೆಯೆಂದು ಸಂಬಳದ ಒಂದು ಭಾಗವನ್ನು ಪ್ರತಿತಿಂಗಳೂ ಅದರ ಅನ್ವೇಷಣೆಗೆ ಸುರಿದರು. ಪೆಟ್ಟಿಗೆ ತುಂಬಿತು, ಬೆರಳು ಬಿಚ್ಚಲಿಲ್ಲ. ಆ ಬಾಣಗಳೇ ಈಗ ಊರಿನ ಅರ್ಧದಷ್ಟು ಹುಡುಗರ ಜೇಬಿನಲ್ಲಿ ಓಡಾಡುತ್ತಿವೆಯೆಂದೂ, ಯಾರಿಗೂ ಅವರು ಒಂದು ಪೆನ್ನಿಯನ್ನೂ ಕೇಳಿಲ್ಲವೆಂದೂ ಪಬ್ಬಿನವನು ಆಮೇಲೆ ನನಗೆ ಹೇಳಿದನು. ನನಗೆ ಎರವಲು ಕೊಟ್ಟ ಮೂರನ್ನು ಹಿಂದಿರುಗಿಸಲು ಹೋದಾಗ ಅವರು ತೆಗೆದುಕೊಳ್ಳಲಿಲ್ಲ. ಪರಾಜಿತನಾದವನು ಕಹಿಯಾಗುವುದು ಸುಲಭ. ಇನ್ನೊಬ್ಬನ ಬಾಣ ನೆಟ್ಟಗೆ ಹೋಗಲೆಂದು ಮೊನೆಯನ್ನು ಮಸೆಯುತ್ತ ಕೂರುವುದಕ್ಕೆ ಬೇರೊಂದು ಬಗೆಯ ಹೃದಯ ಬೇಕಲ್ಲವೆ ಎಂದು ನಾನು ಉಪದೇಶದ ಧಾಟಿಗೆ ಇಳಿಯುತ್ತಿರುವುದನ್ನು ಓದುಗರು ಗಮನಿಸಿರಬೇಕು. ನಿಲ್ಲಿಸುತ್ತೇನೆ. ಆ ಹೃದಯವಂತಿಕೆಯಿಂದ ನಾನು ಪಂದ್ಯ ಸೋತದ್ದನ್ನು ಮರೆತಿಲ್ಲ.

2025ರ ಜನವರಿ 3ರ ರಾತ್ರಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸಿನಲ್ಲಿ ಲ್ಯೂಕ್ ಲಿಟ್ಲರ್ ಎಂಬ 17 ವರ್ಷದ ಹುಡುಗನು ಮೈಕಲ್ ವಾನ್ ಗರ್ವೆನ್ ಎಂಬ ಡಚ್ ಮಹಾರಥಿಯನ್ನು 7ಕ್ಕೆ 3ರಂತೆ ಸೋಲಿಸಿ ಅತಿ ಕಿರಿಯ ವಿಶ್ವವಿಜೇತನಾದಾಗ, ನಾವೆಲ್ಲ ಪಬ್ಬಿನ ದೂರದರ್ಶನದ ಮುಂದೆ ಕುಳಿತಿದ್ದೆವು. ಹುಡುಗನು ನಮ್ಮ ಕಡೆಯವನೇ, ವಾರಿಂಗ್‌ಟನ್ನಿನವನು. ಪಬ್ಬಿನಲ್ಲಿ ಕಿವಿಗಡಚಿಕ್ಕುವ ಗದ್ದಲ. ಈತನು ಮಾತು ಕಲಿಯುವ ಮೊದಲೇ, ಒಂದೂವರೆ ವರ್ಷದ ಹಸುಳೆಯಾಗಿದ್ದಾಗಲೇ, ಅಯಸ್ಕಾಂತದ ಆಟಿಕೆ ಬೋರ್ಡಿಗೆ ಎಸೆಯುತ್ತಿದ್ದನೆಂದು ಯಾರೋ ಹೇಳಿದರು. ಆ ಡಯಪರಿನ ಹಸುಳೆ ತೂಕವನ್ನೂ ಲೋಹವನ್ನೂ ವಿಚಾರಿಸಿರಲಾರನೆಂದು ನಾನು, ಹಳೆಯ ಬಾಕಿಯನ್ನು ತೀರಿಸಿಕೊಳ್ಳುವ ಹುರುಪಿನಿಂದ, ಶಾಸ್ತ್ರಿಗಳತ್ತ ತಿರುಗಿ ಜೋರಾಗಿಯೇ ಹೇಳಿದೆನು. ಅವರು ಟೋಪಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಬಹಳ ಹೊತ್ತು ಆಲೋಚಿಸಿ, ನನ್ನ ಕಿವಿಯ ಬಳಿಗೆ ಬಾಗಿ ಕೇಳಿದರು: "ಅಯಸ್ಕಾಂತದ್ದಾದರೆ, ಡಾಕ್, ಭಾರವೆಲ್ಲ ಮೂತಿಯಲ್ಲೇ ಇರುತ್ತದೆ. ಅದಕ್ಕೆ ಯಾವ ರೆಕ್ಕೆ ಹಾಕಿದ್ದರಂತೆ?"